ಕಿಂಕೆಲಿಬಾ: ಸೆನೆಗಲ್‌ನ ಮನೆಮನೆಯ ಕಷಾಯ

ರಂಜಾನ್ ಸಂಜೆ ಸೆನೆಗಲ್‌ನಲ್ಲಿ ಉಪವಾಸ ಬಿಡುವಾಗ ಖರ್ಜೂರ ಮತ್ತು ಬ್ರೆಡ್ ಜೊತೆಗೆ ಬಿಸಿಬಿಸಿ ಕಿಂಕೆಲಿಬಾ ಇರಬೇಕು. ಉಳಿದ ದಿನ ಬೆಳಗಿನ ತಿಂಡಿಗೂ ಎಷ್ಟೋ ಮನೆಗಳಲ್ಲಿ ಅದೇ. ಮಾರುಕಟ್ಟೆಯಲ್ಲಿ ಒಣಗಿದ ಎಲೆಗಳನ್ನು ಕಡ್ಡಿ ಸಮೇತ ಕಂತೆ ಕಟ್ಟಿ ಮಾರುತ್ತಾರೆ. ಮನೆಗೆ ತಂದು, ತೊಳೆದು, ನೀರಿಗೆ ಹಾಕಿ ಕುದಿಸಿದರೆ ನೀರು ಮೊದಲು ಜೇನಿನ ಬಣ್ಣಕ್ಕೆ ಬರುತ್ತದೆ. ಇನ್ನಷ್ಟು ಕುದಿಸಿದರೆ ಕೆಂಪಾಗುತ್ತದೆ, ಒಗರೂ ಜಾಸ್ತಿಯಾಗುತ್ತದೆ. ಸಕ್ಕರೆ ಹಾಕಿಕೊಳ್ಳುತ್ತಾರೆ, ಕೆಲವರು ಹಾಲೂ ಬೆರೆಸುತ್ತಾರೆ. ಕೆಫೀನ್ ಇಲ್ಲದ ಪಾನೀಯ ಇದು.

ಗಿಡದ ವೈಜ್ಞಾನಿಕ ಹೆಸರು ಕಾಂಬ್ರೆಟಮ್ ಮೈಕ್ರಾಂತಮ್. ಸೆನೆಗಲ್‌ನಿಂದ ಮಾಲಿ, ಬುರ್ಕಿನಾ ಫಾಸೊ, ನೈಜರ್, ಉತ್ತರ ನೈಜೀರಿಯಾದವರೆಗೂ ಒಣ ಕಲ್ಲುನೆಲದಲ್ಲಿ ಪೊದೆಯಾಗಿ ಬೆಳೆಯುತ್ತದೆ. ಎಲೆಯನ್ನು ಮಗುಚಿ ನೋಡಿದರೆ ಅಡಿಭಾಗದಲ್ಲಿ ತುಕ್ಕಿನ ಬಣ್ಣದ ಪುಟ್ಟ ಹುರುಪೆಗಳಿರುತ್ತವೆ. ಕಾಯಿಗೆ ನಾಲ್ಕು ರೆಕ್ಕೆ. ನಮಗೆ ಇದು ತೀರಾ ಅಪರಿಚಿತ ಕುಲವೇನಲ್ಲ. ಬೆಂಗಳೂರಿನ ಕಾಂಪೌಂಡುಗಳ ಮೇಲೆ ಬಿಳಿಯಾಗಿ ಅರಳಿ ಕೆಂಪಿಗೆ ತಿರುಗುವ ರಂಗೂನ್ ಕ್ರೀಪರ್ ಇದೇ ಕಾಂಬ್ರೆಟಮ್ ಕುಲದ್ದು. ಮತ್ತಿ, ಅಳಲೆ, ತಾರೆ ಮರಗಳೂ ಇದೇ ಕುಟುಂಬಕ್ಕೆ ಸೇರಿದವು. ಅಳಲೆಕಾಯಿ ಕಚ್ಚಿದಾಗ ಬಾಯಿ ಒಗರಾಗುವುದೂ ಟ್ಯಾನಿನ್ ಎಂಬ ಸಸ್ಯರಾಸಾಯನಿಕದಿಂದ, ಕಿಂಕೆಲಿಬಾದ ಒಗರೂ ಟ್ಯಾನಿನ್‌ನಿಂದಲೇ.

ಜ್ವರ, ಕಾಮಾಲೆ, ಅಜೀರ್ಣ, ಕೆಮ್ಮು, ಮೂತ್ರ ಸರಿಯಾಗಿ ಹೋಗದಿರುವುದು, ಇವಕ್ಕೆಲ್ಲ ಪಶ್ಚಿಮ ಆಫ್ರಿಕಾದ ಜನ ಈ ಕಷಾಯ ಕುಡಿಯುತ್ತಾರೆ. ಯುರೋಪಿನ ಗಮನ ಇದರ ಮೇಲೆ ಬಿದ್ದದ್ದು ಒಂದು ಭಯಂಕರ ಕಾಯಿಲೆಯಿಂದ. ಮಲೇರಿಯಾ ಬಂದ ಕೆಲವರಿಗೆ, ಅದರಲ್ಲೂ ಮಲೇರಿಯಾದ ಔಷಧಿ ಕ್ವಿನೈನನ್ನು ಒಮ್ಮೆ ತಗೊಂಡು ಒಮ್ಮೆ ಬಿಟ್ಟವರಿಗೆ, ಇದ್ದಕ್ಕಿದ್ದಂತೆ ಮೂತ್ರ ಕಪ್ಪಾಗುತ್ತಿತ್ತು. ಕೆಂಪು ರಕ್ತಕಣಗಳು ರಕ್ತನಾಳದೊಳಗೇ ಒಡೆದು, ಅವುಗಳ ಹಿಮೋಗ್ಲೋಬಿನ್ ಮೂತ್ರಕ್ಕೆ ಇಳಿಯುತ್ತಿತ್ತು. ಮೂತ್ರಪಿಂಡ ಕೆಲಸ ನಿಲ್ಲಿಸಿ ಅನೇಕರು ಸಾಯುತ್ತಿದ್ದರು. ಸ್ಥಳೀಯರು ಈ ಜ್ವರಕ್ಕೆ ಕಿಂಕೆಲಿಬಾ ಕೊಡುವುದನ್ನು ಕಂಡ ಫ್ರೆಂಚ್ ಮಿಷನರಿಗಳು ಅದನ್ನು ತಾವೂ ಬಳಸಿದರು. ಮಾರ್ಸೇಲ್‌ನ ಸಸ್ಯವಿಜ್ಞಾನಿ ಎಡ್ವರ್ ಹೆಕೆಲ್ 1890ರ ದಶಕದಲ್ಲಿ ಇದರ ಬಗ್ಗೆ ಬರೆದರು. ಈ ಎಲೆ ರಕ್ತಕಣ ಒಡೆಯುವುದನ್ನು ತಡೆಯಿತು ಎನ್ನಲು ಆಧಾರವಿಲ್ಲ. ಆದರೆ ಅಂಥ ರೋಗಿಗೆ ಮತ್ತೆ ಮತ್ತೆ ಕಷಾಯ ಕುಡಿಸಿದರೆ ಸಾಕಷ್ಟು ನೀರಂತೂ ಒಳಗೆ ಹೋಗುತ್ತದೆ. ಮೂತ್ರಪಿಂಡ ಉಳಿಸಲು ಅದು ಸಣ್ಣ ಉಪಕಾರವಲ್ಲ. ಕುದಿಸಿದ ನೀರಿನಲ್ಲಿ ಭೇದಿ ತರುವ ರೋಗಾಣುಗಳೂ ಸತ್ತಿರುತ್ತವೆ. ಮನೆಮದ್ದನ್ನು ಅಳೆಯುವಾಗ ನಾವು ಎಲೆಯನ್ನು ಮಾತ್ರ ನೋಡುತ್ತೇವೆ, ಅದನ್ನು ಬಳಸುವ ರೀತಿಯನ್ನು ಮರೆಯುತ್ತೇವೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಂತ ಎಲೆಯಲ್ಲಿ ಏನೂ ಇಲ್ಲ ಎಂದಲ್ಲ. ವೈಟೆಕ್ಸಿನ್, ಐಸೊವೈಟೆಕ್ಸಿನ್, ಓರಿಯೆಂಟಿನ್ ಎಂಬ ಫ್ಲೇವನಾಯ್ಡ್‌ಗಳಿವೆ, ಅಂದರೆ ಗಿಡಗಳಲ್ಲಿ ಸಿಗುವ ಒಂದು ಬಗೆಯ ರಾಸಾಯನಿಕಗಳು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇದರಲ್ಲಿ ಹೊಸ ಬಗೆಯ ಆಲ್ಕಲಾಯ್ಡ್‌ಗಳನ್ನು (ಸಾರಜನಕವಿರುವ ಸಸ್ಯರಾಸಾಯನಿಕಗಳನ್ನು) ಗುರುತಿಸಿ, ಕಿಂಕೆಲಾಯ್ಡ್ ಎಂದು ಹೆಸರಿಟ್ಟರು. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ಎಲೆಯ ಸಾರ ಕೊಟ್ಟಾಗ ರಕ್ತದ ಸಕ್ಕರೆ ಇಳಿದಿದೆ. ಬಿಪಿ ಇರುವ ಮನುಷ್ಯರ ಮೇಲೆ ಸೆನೆಗಲ್‌ನಲ್ಲೇ ಪ್ರಯೋಗ ನಡೆದು, ಬಿಪಿ ಇಳಿದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಆದರೆ ಇಲಿಗೆ ಕೊಡುವ ಗಟ್ಟಿ ಸಾರ ಬೇರೆ, ಮನೆಯಲ್ಲಿ ಕುದಿಸಿದ ಲೋಟ ಬೇರೆ. ಕೆಲವು ವಾರ ಬಿಪಿ ಇಳಿಯುವುದಕ್ಕೂ, ವರ್ಷಗಟ್ಟಲೆ ಕುಡಿದು ಪಾರ್ಶ್ವವಾಯು ತಪ್ಪುವುದಕ್ಕೂ ತುಂಬಾ ದೂರವಿದೆ. ಬಿಪಿ, ಶುಗರ್ ಮಾತ್ರೆ ಬಿಟ್ಟು ಇದನ್ನು ಹಿಡಿಯುವುದು ಅಪಾಯ. ಮಲೇರಿಯಾಕ್ಕಂತೂ ಇದನ್ನೇ ನಂಬಿ ಕೂರಲೇಬಾರದು. ಟ್ಯಾನಿನ್ ಆಹಾರದ ಕಬ್ಬಿಣಾಂಶ ಮೈಗೆ ಹಿಡಿಯದಂತೆ ಮಾಡುವುದರಿಂದ, ರಕ್ತಹೀನತೆ ಇರುವವರು ಊಟದ ಜೊತೆಗೆ ಕುಡಿಯದಿರುವುದು ಒಳ್ಳೆಯದು.

ಈ ಎಲೆ ಬಹುಪಾಲು ಬರುವುದು ತೋಟದಿಂದಲ್ಲ, ಕಾಡುಪೊದೆಯಿಂದ. ನೈಜರ್‌ನ ರಾಜಧಾನಿ ನಿಯಾಮೆ ಸುತ್ತಮುತ್ತ ವಿಮಾನದಿಂದ ಕೆಳಗೆ ನೋಡಿದರೆ ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಪೊದೆಗಳು ಕಾಣುತ್ತವೆ. ಅದಕ್ಕೆ ಹುಲಿಪೊದೆ ಎಂದೇ ಹೆಸರು. ಬೋಳು ಪಟ್ಟೆಯ ಗಟ್ಟಿ ನೆಲದ ಮೇಲೆ ಬಿದ್ದ ಮಳೆ ಇಂಗದೆ ಕೆಳಗೆ ಹರಿದು, ಮುಂದಿನ ಹಸಿರು ಪಟ್ಟೆಯ ಬೇರಿಗೆ ಸೇರುತ್ತದೆ. ಅಷ್ಟು ಕಡಿಮೆ ಮಳೆಯಲ್ಲೂ ಪೊದೆ ಬದುಕುವುದು ಹೀಗೆ. ಆ ಪಟ್ಟೆಗಳ ಮುಖ್ಯ ಗಿಡಗಳಲ್ಲಿ ಕಿಂಕೆಲಿಬಾ ಒಂದು. ಇದರ ಕಟ್ಟಿಗೆ ಒಲೆಗೂ ಚೆನ್ನಾಗಿ ಉರಿಯುತ್ತದೆ, ನಗರಕ್ಕೆ ಸೌದೆ ಹೋಗುವುದೂ ಇದೇ ಕಾಡಿನಿಂದ. ಕಡಿದ ಬುಡ ಮತ್ತೆ ಚಿಗುರುತ್ತದೆ ನಿಜ. ಆದರೆ ಪಟ್ಟೆಯೇ ಬೋಳಾದರೆ ಹರಿದು ಬಂದ ನೀರನ್ನು ಹಿಡಿದಿಡಲು ಅಲ್ಲಿ ಏನೂ ಇರುವುದಿಲ್ಲ.