ಕೋಟೆಯ ಕಿಂಡಿಯನ್ನು ಒಳಗಿಂದ ನೋಡಿ

ಊರಿಂದ ನೆಂಟರು ಬಂದರೆ ಪುಣೆಯ ಕನ್ನಡಿಗರು ಮೊದಲು ಕರೆದುಕೊಂಡು ಹೋಗುವುದು ಪೇಶ್ವೆಗಳ ಕೋಟೆಯಂಥ ಅರಮನೆ ಶನಿವಾರವಾಡಕ್ಕೇ, ಅಲ್ವಾ? ಅದರ ಹೆಬ್ಬಾಗಿಲು ದಿಲ್ಲಿ ದರವಾಜೆ ಮುಂದೆ ಫೋಟೋ ಆಗುತ್ತದೆ. ಗೋಡೆ ಮೇಲೆ ಸಾಲಾಗಿ ಎದ್ದು ನಿಂತ ಗಟ್ಟಿ ಭಾಗಗಳನ್ನು, ಅಂದರೆ ತೆನೆಗಳನ್ನು ನೋಡಿ, ಸುಮ್ನೆ ಅಂದಕ್ಕೆ ಕಟ್ಟಿದ್ದಾರೆ ಅಂದುಕೊಳ್ಳುತ್ತೇವೆ. ಹಳೇ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಕೋಟೆಗೋಡೆ ಅರ್ಥವಾಗಬೇಕಾದರೆ ಕಾವಲಿನವನು ನಿಲ್ಲುತ್ತಿದ್ದ ಜಾಗದಿಂದಲೇ ಅದನ್ನು ನೋಡಬೇಕು.

ತೆನೆ ಸಿಪಾಯಿಗೆ ಮರೆ. ಅದರ ಹಿಂದೆ ನಿಂತು ಬಂದೂಕಿಗೆ ಮದ್ದು ತುಂಬಬಹುದು. ಗುಂಡು ಹಾರಿಸುವುದು ಕಿಂಡಿಯಿಂದ. ಇಲ್ಲಿನವರು ಅದಕ್ಕೆ ಜಂಗ್ಯಾ ಅನ್ನುತ್ತಾರೆ. ಅಳತೆ ಮಾಡುವಾಗ ಕಿಂಡಿಯೊಳಗೆ ಒಂದು ತೆಳ್ಳನೆ ಕೋಲು ಇಟ್ಟು ನೋಡುತ್ತೇವೆ. ಒಂದು ಕಿಂಡಿಯ ಕೋಲು ದೂರದ ದಾರಿಯತ್ತ ಹೋಗುತ್ತದೆ. ಪಕ್ಕದ್ದರಲ್ಲಿ ಕೆಳಮುಖವಾಗಿ ಜಾರಿ ಗೋಡೆಯ ಬುಡ ತೋರಿಸುತ್ತದೆ. ಮತ್ತೊಂದರಲ್ಲಿ ಓರೆಯಾಗಿ ಬಾಗಿಲ ಕಡೆ ತಿರುಗುತ್ತದೆ. ಆ ಇಳಿಜಾರನ್ನು ಕಲ್ಲುಕುಟಿಗ ಬೇಕೆಂದೇ ಕೊಟ್ಟಿದ್ದಾನೆ.

ಒಂದು ಕೋಟೆಯಲ್ಲಿ ದುರಸ್ತಿ ಅಂತ ಕಿಂಡಿಗಳ ತಳಕ್ಕೆ ಸಿಮೆಂಟ್ ಬಳಿದು ಮಟ್ಟ ಮಾಡಿಬಿಟ್ಟಿದ್ದರು. ನೋಡಿ ಹೊಟ್ಟೆ ಉರಿಯಿತು. ಗುರಿಯೂ ಹೋಯಿತು, ನೀರು ಹರಿಯುವ ದಾರಿಯೂ ಹೋಯಿತು. ಸಹ್ಯಾದ್ರಿಯ ಮಳೆ ಗೊತ್ತಲ್ಲ! ಸುಣ್ಣದ ಗಾರೆಯಾದರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ತೇವ ಅಕ್ಕಪಕ್ಕದ ಹಳೇ ಇಟ್ಟಿಗೆಗೆ ಹಿಡಿದು, ಅದು ಪದರ ಪದರವಾಗಿ ಉದುರುತ್ತದೆ. ಇಂಥ ಕಡೆ ಸಿಮೆಂಟ್ ಮುಟ್ಟಲೇಬಾರದು ಅನ್ನುವುದು ನನ್ನ ಹಟ.

ಬಾಗಿಲ ವಿಷಯವೂ ಹೀಗೇ. ದಿಲ್ಲಿ ದರವಾಜೆಯ ಕಬ್ಬಿಣದ ಮೊಳೆಗಳು ಆನೆಯ ಹಣೆಗೆ ತಾಗುವ ಎತ್ತರದಲ್ಲಿವೆ. ಒಳಗೆ ಹೋದ ಮೇಲೆ ದಾರಿ ನೇರ ಇಲ್ಲ, ಗಕ್ಕನೆ ತಿರುಗುತ್ತದೆ. ನುಗ್ಗಿ ಬಂದವರ ರಭಸ ಅಲ್ಲೇ ಮುರಿಯಬೇಕು.

ದುಂಡು ಬುರುಜಿಗೆ ಒಂದು ಕೊರತೆ ಇದೆ. ಅದರ ಮೂತಿಯ ಕೆಳಗೆ ಬಂದು ನಿಂತವನು ಪಕ್ಕದ ಬುರುಜಿನವರ ಕಣ್ಣಿಗೆ ಬೀಳುವುದಿಲ್ಲ. ಮುಂಬೈ ಕಡೆಯವರು ವಸಈ ಕೋಟೆಗೆ ಹೋದಾಗ ಇದನ್ನು ನೆನಪಿಟ್ಟುಕೊಂಡು ನೋಡಿ. ಅಲ್ಲಿ ಪೋರ್ಚುಗೀಸರು ಕಟ್ಟಿದ ಬುರುಜುಗಳು ಚೂಪು ಮೂಲೆಯವು. ಒಂದರ ಬದಿಯಿಂದ ಇನ್ನೊಂದರ ಮುಖದುದ್ದಕ್ಕೂ ಗುಂಡು ಹಾರಿಸಬಹುದು, ಮರೆಯ ಜಾಗವೇ ಉಳಿಯುವುದಿಲ್ಲ. ಹಾಗಿದ್ದರೂ 1739ರಲ್ಲಿ ಪೇಶ್ವೆ ಬಾಜೀರಾವನ ತಮ್ಮ ಚಿಮಾಜಿ ಅಪ್ಪನ ಸೈನ್ಯ ಈ ಕೋಟೆಯನ್ನು ಗೆದ್ದಿದ್ದು ನೆಲದಡಿ ಸುರಂಗ ಕೊರೆದು, ಮದ್ದು ತುಂಬಿ, ಗೋಡೆಯನ್ನೇ ಸಿಡಿಸಿ.