ಮೈಲಾಪುರದ ಮರಿ ಬಚಾವಾಯ್ತು, ಆಮೇಲೆ?

ಸಂಕ್ರಾಂತಿ ದಿನ ಮೈಲಾಪುರದ ದಾರಿಯಲ್ಲಿ ಪೊಲೀಸರು ಟಂಟಂ ಆಟೊ ನಿಲ್ಲಿಸಿ ಸೀಟಿನ ಕೆಳಗೆ ಬಗ್ಗಿ ನೋಡುತ್ತಾರೆ. ಹೆಂಡ ಅಲ್ಲ, ಕುರಿಮರಿ ಹುಡುಕುವುದು.

ಯಾದಗಿರಿ ತಾಲ್ಲೂಕಿನ ಈ ಊರಿನ ಗುಡ್ಡದ ಗವಿಯಲ್ಲಿ ಮೈಲಾರಲಿಂಗೇಶ್ವರ ಇದ್ದಾನೆ. ಜಾತ್ರೆ ದಿನ ದೇವರನ್ನು ಹೊನ್ನಕೆರೆಗೆ ಸ್ನಾನಕ್ಕೆ ಒಯ್ಯುತ್ತಾರೆ. ಹಾದಿಯಲ್ಲಿ ಪಲ್ಲಕ್ಕಿ ಮೇಲೆ ಭಂಡಾರದ (ಅರಿಶಿನ ಪುಡಿಯ) ಜೊತೆ ಜೀವಂತ ಮರಿ ಎಸೆಯುವ ಹರಕೆ ಬಹಳ ಹಳೆಯದು. 'ಏಳು ಕೋಟಿಗೋ' ಅನ್ನುವ ಕೂಗಿನ ನಡುವೆ, ಇನ್ನೂ ತಾಯಿ ಹಾಲು ಬಿಡದ ಮರಿ ಮೇಲಕ್ಕೆ ಹಾರಿ, ಅರಿಶಿನ ಮೆತ್ತಿದ ಕಣ್ಣು ತೆರೆಯಲಾಗದೆ, ಜನರ ಕಾಲಡಿಗೆ ಬೀಳುತ್ತಿತ್ತು.

ಕುರಿಗಾರರನ್ನು ಸುಮ್ನೆ ಕ್ರೂರಿಗಳು ಅಂದುಬಿಡಬೇಡಿ. ನೀಲಿ ನಾಲಿಗೆ ರೋಗವೋ ಕರುಳುಬೇನೆಯೋ ಬಿದ್ದರೆ ನೋಡನೋಡುತ್ತಲೇ ದೊಡ್ಡಿ ಖಾಲಿಯಾಗುತ್ತದೆ. ಲಸಿಕೆ ಇಲ್ಲದ ಕಾಲದಲ್ಲಿ ಅವರಿಗೆ ಇದ್ದವನು ಮೈಲಾರ ಒಬ್ಬನೇ. ಹಿಂಡು ಕಾಯಪ್ಪ, ಒಂದು ಮರಿ ನಿನಗೆ ಅನ್ನುವ ಲೆಕ್ಕ ಅದು.

ಪ್ರಾಣಿಬಲಿ ತಡೆಯುವ ರಾಜ್ಯದ ಕಾಯ್ದೆ 1959ರದ್ದು. ಅದರ ಪ್ರಕಾರ ಬಲಿ ಅಂದರೆ ದೇವರನ್ನು ಒಲಿಸಲು ಕೊಲ್ಲುವುದು ಅಥವಾ ಊನ ಮಾಡುವುದು. 'ನಾವು ಕಡಿಯಲ್ಲ, ಎಸೀತೀವಿ' ಅಂದರೆ ಈ ಕಾಯ್ದೆ ಅಲ್ಲಿಗೇ ಸಿಕ್ಕಿಕೊಂಡಿತು ಅಲ್ವಾ? ಕೇಂದ್ರದ 1960ರ ಕಾಯ್ದೆ (ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು ಪಟ್ಟು ಹಿಡಿದಿದ್ದರ ಫಲ) ಪ್ರಾಣಿಗೆ ವಿನಾಕಾರಣ ನೋವು ಕೊಡುವುದನ್ನೇ ಅಪರಾಧ ಅನ್ನುತ್ತದೆ, ಹಾಗಾಗಿ ಎಸೆಯುವುದಕ್ಕೂ ಅದು ಅನ್ವಯಿಸುತ್ತದೆ. ಆದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಜಾತ್ರೆಯಲ್ಲಿ ಮಿರ್ಚಿ ಭಜಿ ತಿನ್ನಲು ಅದಕ್ಕಿಂತ ಜಾಸ್ತಿ ಬೇಕು.

ದಂಡಕ್ಕೆ ಹೆದರದವರನ್ನು ತಡೆದದ್ದು ಚೆಕ್‌ಪೋಸ್ಟ್. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು. ಆಮೇಲಿನ ವರ್ಷಗಳಲ್ಲಿ ಜಿಲ್ಲಾಡಳಿತ ಮರಿ ಎಸೆಯುವುದನ್ನು ನಿಷೇಧಿಸಿ ಊರಿನ ದಾರಿಗಳಿಗೆ ಕಾವಲು ಹಾಕಿತು. ಜಾತ್ರೆ ಬಂತೆಂದರೆ ನೂರಾರು ಮರಿ ವಶವಾಗುತ್ತವೆ. ಕಂಬಳಿಯೊಳಗೆ, ಚೀಲದೊಳಗೆ ಒಂದಷ್ಟು ದಾಟಿಯೂ ಬಿಡುತ್ತವೆ.

ವಶವಾದ ಮರಿಗಳನ್ನು ಹರಾಜು ಹಾಕಿದ್ದೂ ಉಂಟು. ನನಗೆ ಸಿಟ್ಟು ಬರುವುದು ಇಲ್ಲೇ. ಮರಿಗೆ ಬೇಕಿರುವುದು ಹಾಲು, ಹಾಲು ಇರುವುದು ತಾಯಿ ಹತ್ತಿರ, ತಾಯಿ ಇರುವುದು ಹರಕೆ ಹೊತ್ತವನ ದೊಡ್ಡಿಯಲ್ಲಿ. ಹರಾಜಿನಲ್ಲಿ ಕೊಂಡವನು ಅದನ್ನು ಸಾಕುತ್ತಾನೋ, ಮಟನ್ ಅಂಗಡಿಗೆ ಕೊಡುತ್ತಾನೋ ಯಾರು ಕೇಳುತ್ತಾರೆ? ಚೆಕ್‌ಪೋಸ್ಟಿನಲ್ಲಿ ಕಿವಿಗೆ ಒಂದು ಚೀಟಿ ಕಟ್ಟಿ, ಮಾಲೀಕನ ಕೈಗೆ ರಸೀದಿ ಕೊಟ್ಟು, ಸಂಜೆ ಪಲ್ಲಕ್ಕಿ ಗುಡ್ಡ ಹತ್ತಿದ ಮೇಲೆ ಮರಿ ವಾಪಸ್ ಕೊಡಲಿ.