ಝೆಂಗರನ ಅಚ್ಚುಕೂಟ

1733ರ ನವೆಂಬರ್ 5ರಂದು ಮೊದಲ ಸಂಚಿಕೆ ಕಂಡ ‘ನ್ಯೂಯಾರ್ಕ್ ವೀಕ್ಲಿ ಜರ್ನಲ್’, ಬ್ರಿಟಿಷ್ ವಸಾಹತಿನ ಗವರ್ನರ್ ವಿಲಿಯಂ ಕಾಸ್ಬಿಯನ್ನು ಎದುರಿಸಲೆಂದೇ ಹುಟ್ಟಿದ ವಾರಪತ್ರಿಕೆ. ಊರಿನಲ್ಲಿ ಮೊದಲೇ ಇದ್ದ ‘ಗೆಜೆಟ್’ ಪತ್ರಿಕೆ ಸರ್ಕಾರಿ ಮುದ್ರಕ ವಿಲಿಯಂ ಬ್ರಾಡ್‌ಫರ್ಡನದಾಗಿದ್ದರಿಂದ, ಕಾಸ್ಬಿ ಪದಚ್ಯುತಗೊಳಿಸಿದ್ದ ಮುಖ್ಯ ನ್ಯಾಯಾಧೀಶ ಲೂಯಿಸ್ ಮಾರಿಸ್, ವಕೀಲ ಜೇಮ್ಸ್ ಅಲೆಕ್ಸಾಂಡರ್ ಮೊದಲಾದವರು, ಅದೇ ಬ್ರಾಡ್‌ಫರ್ಡನ ಬಳಿ ಕೆಲಸ ಕಲಿತಿದ್ದ ಜರ್ಮನ್ ವಲಸಿಗ ಜಾನ್ ಪೀಟರ್ ಝೆಂಗರನ ಅಚ್ಚುಕೂಟವನ್ನು ಆಶ್ರಯಿಸಿದರು.

ಅಂದಿನ ಮುದ್ರಣವೆಲ್ಲ ಕೈಕೆಲಸ. ಸೀಸದ ಮಿಶ್ರಲೋಹದ ಅಚ್ಚುಮೊಳೆಗಳನ್ನು, ಅಂದರೆ ಅಕ್ಷರದ ಅಚ್ಚುಗಳನ್ನು, ಒಂದೊಂದಾಗಿ ಜೋಡಿಸಿ, ಕುದಿಸಿದ ಅಗಸೆ ಎಣ್ಣೆಗೆ ದೀಪದ ಮಸಿ ಬೆರೆಸಿದ ಶಾಯಿಯನ್ನು ಚರ್ಮದ ಉಂಡೆಗಳಿಂದ ಅವುಗಳ ಮೇಲೆ ತಟ್ಟಿ ಹಚ್ಚುತ್ತಿದ್ದರು. ಚಿಂದಿಬಟ್ಟೆಯಿಂದ ತಯಾರಾದ ಕಾಗದವನ್ನು ಮೊದಲೇ ತೇವ ಮಾಡಿಡಬೇಕಿತ್ತು. ಒಣಗಿದ ಹಾಳೆ ಬಿರುಸಾಗಿ ಶಾಯಿಯನ್ನು ಸಮನಾಗಿ ಹಿಡಿಯುವುದಿಲ್ಲ, ನೆನೆದ ನಾರಾದರೋ ಮೆತ್ತಗಾಗಿ ಮೊಳೆಯ ಮುಖಕ್ಕೆ ಒಗ್ಗಿಕೊಳ್ಳುತ್ತದೆ. ಮರದ ಪ್ರೆಸ್ಸಿನಲ್ಲಿ ಪಳಗಿದ ಇಬ್ಬರು ದುಡಿದರೂ ಗಂಟೆಗೆ ಸುಮಾರು 240 ಹಾಳೆಗಳ ಒಂದು ಮಗ್ಗುಲು ಮಾತ್ರ ಅಚ್ಚಾಗುತ್ತಿತ್ತು. ಮೊಳೆಗಳು ಕಡಲಾಚೆಯಿಂದ ಬರಬೇಕಾಗಿದ್ದುದರಿಂದ, ಮುದ್ರಿಸಿದ ಪುಟವನ್ನು ಬಿಚ್ಚಿ ಅವನ್ನೇ ಮತ್ತೆ ಮತ್ತೆ ಬಳಸುತ್ತಿದ್ದರು.

ಇಷ್ಟು ಭಾರದ, ಇಷ್ಟು ದುಬಾರಿ ಸಾಧನವನ್ನು ಬಚ್ಚಿಡುವುದು ಸುಲಭವಲ್ಲ. ಲೇಖಕರು ಗುಪ್ತನಾಮದ ಮರೆಯಲ್ಲಿದ್ದರೆ, ಮುದ್ರಕನ ಹೆಸರು ಮಾತ್ರ ಪತ್ರಿಕೆಯಲ್ಲೇ ಅಚ್ಚಾಗುತ್ತಿತ್ತು. ಕಳೆದುಹೋದ ಸ್ಪಾನಿಯಲ್ ನಾಯಿಯ ಜಾಹೀರಾತಿನ ವೇಷದಲ್ಲಿ ಗವರ್ನರನ ಹೊಗಳುಭಟ್ಟನನ್ನು ಗೇಲಿ ಮಾಡಿದವರು ಯಾರೋ, ಸಿಕ್ಕಿಬಿದ್ದವನು ಝೆಂಗರ್. ನಾಲ್ಕು ಸಂಚಿಕೆಗಳನ್ನು ಸುಡಲು ಆಜ್ಞೆಯಾಯಿತು. 1734ರ ನವೆಂಬರ್ 17ರಂದು ಅವನ ಬಂಧನವಾಯಿತು. ತಪ್ಪಿದ್ದು ಒಂದೇ ಸಂಚಿಕೆ: ಎಂಟು ತಿಂಗಳಿಗೂ ಮೀರಿದ ಸೆರೆವಾಸದ ಉದ್ದಕ್ಕೂ ಹೆಂಡತಿ ಅನ್ನಾ ಕ್ಯಾಥರೀನ್ ಪತ್ರಿಕೆಯನ್ನು ಹೊರತರುತ್ತಿದ್ದಳು. ಈ ಕಥೆಯಲ್ಲಿ ವಕೀಲರಿಗೆ ಸಿಕ್ಕಷ್ಟು ಕೀರ್ತಿ ಅವಳಿಗೆ ಸಿಗದಿರುವುದು ಅನ್ಯಾಯವೇ ಸರಿ.

1735ರ ಆಗಸ್ಟ್‌ನಲ್ಲಿ ವಿಚಾರಣೆ ನಡೆಯಿತು. ಝೆಂಗರನ ಪರವಾಗಿ ಫಿಲಡೆಲ್ಫಿಯಾದಿಂದ ಬಂದ ವಕೀಲ ಆಂಡ್ರ್ಯೂ ಹ್ಯಾಮಿಲ್ಟನ್, ಮುದ್ರಿಸಿದ್ದು ನಿಜವೆಂದು ಮೊದಲೇ ಒಪ್ಪಿಕೊಂಡು, ಬರೆದದ್ದು ಸುಳ್ಳಾಗಿದ್ದರೆ ಮಾತ್ರ ಅಪರಾಧವೆಂದು ವಾದಿಸಿದ. ಸರ್ಕಾರವನ್ನು ನಿಂದಿಸುವ ಮಾತು ಸತ್ಯವಾದರೂ ಅಪರಾಧವೇ ಎನ್ನುತ್ತಿದ್ದ ಅಂದಿನ ಕಾನೂನಿನಂತೆ, ಮುಖ್ಯ ನ್ಯಾಯಾಧೀಶ ಜೇಮ್ಸ್ ಡಿಲಾನ್ಸಿ ಈ ವಾದವನ್ನು ತಳ್ಳಿಹಾಕಿದ. ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿಯಾದ ಜ್ಯೂರಿ ಮಾತ್ರ ಝೆಂಗರನನ್ನು ಬಿಡುಗಡೆ ಮಾಡಿತು. ಇದರಿಂದ ಕಾನೂನೇನೂ ಬದಲಾಗಲಿಲ್ಲ. ಸತ್ಯವೂ ಒಂದು ಸಮರ್ಥನೆಯೆಂದು ಅಮೆರಿಕದ ಸಂಯುಕ್ತ ಸರ್ಕಾರದ ಶಾಸನದಲ್ಲಿ ಬರೆದದ್ದು 1798ರಲ್ಲಿ, ಪತ್ರಿಕಾ ಸಂಪಾದಕರನ್ನು ಜೈಲಿಗಟ್ಟಲು ಬಳಕೆಯಾದ ರಾಜದ್ರೋಹ ಕಾಯಿದೆಯಲ್ಲಿ!